ಸಿಪಿಯು ಒಳಗಿನ ಸಿಳ್ಳೆ, ಸ್ಪೀಕರ್ ಒಳಗಿನ ಗುಂಯ್

“ಅಣ್ಣಾ, ಸಿಪಿಯು ಒಳಗ ಸಿಳ್ಳಿ ಹೊಡದಂಗ ಸಪ್ಪಳ ಬರ್ಲಿಕತ್ತದ. ಫ್ಯಾನ್ ಬದಲಿ ಮಾಡಿಸಿದ್ರೂ ಹೋಗವಲ್ದು.”

ಕಲಬುರಗಿಯ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಈ ದೂರು ಹೊಸದಲ್ಲ. ಅಂಗಡಿಗೆ ಬರುವ ಹೊತ್ತಿಗೆ ಫ್ಯಾನಿಗೆ ಹಾಕಿದ ದುಡ್ಡು ನೀರಿಗೆ ಹೋಗಿರುತ್ತದೆ. ಮುಂದೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ), ಆಮೇಲೆ ಗ್ರಾಫಿಕ್ಸ್ ಕಾರ್ಡ್ ಎಂದು ಒಂದೊಂದೇ ಬದಲಿಸುತ್ತ ಹೋದರೆ ಜೇಬು ಖಾಲಿಯಾಗುತ್ತದೆ, ಸಪ್ಪಳ ಹಾಗೇ ಉಳಿಯುತ್ತದೆ. ಅದು ಎಲ್ಲಿ ಹುಟ್ಟುತ್ತಿದೆ ಎಂದು ಪತ್ತೆ ಹಚ್ಚುವುದಕ್ಕೆ ಹೆಚ್ಚೆಂದರೆ ಒಂದು ಸಂಜೆ ಬೇಕು. ಅಲ್ಲಿಯವರೆಗೆ ಯಾವ ಸಾಮಾನನ್ನೂ ಕೊಳ್ಳಬೇಡಿ.

ಮೊದಲ ಕೆಲಸ: ಸ್ಪೀಕರ್ ಮತ್ತು ಹೆಡ್‌ಫೋನ್ ಎರಡರ ಪಿನ್ನನ್ನೂ ಕಂಪ್ಯೂಟರಿನಿಂದ ಕಿತ್ತು, ಸ್ಪೀಕರಿನ ಸ್ವಿಚ್ಚನ್ನೂ ಆರಿಸಿ. ಆಮೇಲೂ ಸಪ್ಪಳ ಕೇಳುತ್ತಿದ್ದರೆ ಕ್ಯಾಬಿನೆಟ್ಟಿನೊಳಗೆ ಯಾವುದೋ ಭಾಗ ನಿಜವಾಗಿಯೇ ಅದುರುತ್ತಿದೆ. ನಿಂತುಹೋದರೆ, ತಂತಿಯ ಮೂಲಕ ಆಡಿಯೊ ದಾರಿಗೆ ವಿದ್ಯುತ್ತಿನ ಗಲಾಟೆ ನುಸುಳುತ್ತಿದೆ. ಎರಡೂ ಬೇರೆ ಬೇರೆ ಕಾಯಿಲೆ, ಔಷಧಿಯೂ ಬೇರೆ. ಕಾಯಿಲ್ (ತಂತಿಯ ಸುರುಳಿ) ಅದುರಿ ಬರುವ ಸಿಳ್ಳೆಗೆ ಅರ್ಥಿಂಗ್ ಮಾಡಿಸಿದರೆ ಸಿಳ್ಳೆ ಹೋಗುವುದಿಲ್ಲ, ಅರ್ಥಿಂಗಿನ ಗುಂಯ್‌ಗೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೆ ಗುಂಯ್ ಹೋಗುವುದಿಲ್ಲ.

ಅದುರುವುದು ಏನು

ಪ್ರೊಸೆಸರಿನ ಸುತ್ತ ಸಾಲಾಗಿ ಬೂದು ಬಣ್ಣದ ಚೌಕ ತುಂಡುಗಳು ಕಾಣುತ್ತವೆ, ಮೇಲೆ ಆರ್15, ಆರ್22 ಎಂಬಂಥ ಗುರುತು. ಅವೇ ಚೋಕ್‌ಗಳು, ಅಂದರೆ ಒಳಗೆ ತಂತಿ ಸುರುಳಿ ಇರುವ ಕಾಯಿಲ್‌ಗಳು. ಆರ್22 ಎಂದರೆ 0.22 ಮೈಕ್ರೊಹೆನ್ರಿ. ಗ್ರಾಫಿಕ್ಸ್ ಕಾರ್ಡಿನ ಹೀಟ್‌ಸಿಂಕ್ ಕೆಳಗೂ ಇವೇ ಇರುತ್ತವೆ, ಎಸ್‌ಎಂಪಿಎಸ್ ಒಳಗೆ ಇನ್ನೂ ದಪ್ಪನೆಯ ತಂತಿ ಸುತ್ತಿದವು ಇರುತ್ತವೆ. 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಸುಮಾರು 1 ವೋಲ್ಟಿಗೆ ಇಳಿಸಲು ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಸಾಮಾನ್ಯವಾಗಿ 300 ಕಿಲೋಹರ್ಟ್ಸ್‌ನಿಂದ 1 ಮೆಗಾಹರ್ಟ್ಸ್ ವೇಗದಲ್ಲಿ ಆನ್-ಆಫ್ ಆಗುತ್ತಿರುತ್ತವೆ. ಮನುಷ್ಯನ ಕಿವಿಯ ಮಿತಿ 20 ಕಿಲೋಹರ್ಟ್ಸ್. ಹಾಗಿದ್ದರೆ ನಮಗೆ ಕೇಳುವುದು ಯಾವುದು?

ಲೋಡಿನ ಏರಿಳಿತ. ಗೇಮಿನ ಮೆನು ತೆರೆದಾಗ ಬಿಡಿಸಲು ಹೆಚ್ಚೇನೂ ಇರುವುದಿಲ್ಲ, ಕಾರ್ಡ್ ಸೆಕೆಂಡಿಗೆ 2000 ಫ್ರೇಮ್ ಉಗುಳುತ್ತದೆ. ಪ್ರತಿ ಫ್ರೇಮಿಗೊಮ್ಮೆ ಕರೆಂಟ್ ಏರಿ ಇಳಿಯುತ್ತದೆ. ಅದರ ಜೊತೆ ಸುರುಳಿಯೊಳಗಿನ ಕಾಂತಬಲವೂ ಏರಿಳಿದು ತಂತಿ ಮತ್ತು ಫೆರೈಟ್ ತುಸುವೇ ಹಿಗ್ಗಿ ಕುಗ್ಗುತ್ತವೆ. ಹೀಗೆ ಹುಟ್ಟಿದ 2 ಕಿಲೋಹರ್ಟ್ಸ್‌ನ ದನಿ ಕಿವಿ ಚುರುಕಾಗಿರುವ ಜಾಗಕ್ಕೇ ಬಂದು ಬೀಳುತ್ತದೆ. ಚೋಕ್ ಒಂದೇ ಅಲ್ಲ, ಎಳ್ಳಿನಷ್ಟು ಚಿಕ್ಕ ಸೆರಾಮಿಕ್ ಕೆಪಾಸಿಟರ್‌ಗಳೂ ಹಾಡುತ್ತವೆ. ಅವುಗಳೊಳಗಿನ ಬೇರಿಯಂ ಟೈಟನೇಟ್ ವೋಲ್ಟೇಜ್ ಬದಲಾದಂತೆ ಆಕಾರ ಬದಲಿಸಿ, ಅಂಟಿಕೊಂಡ ಬೋರ್ಡನ್ನೂ ಬಾಗಿಸುತ್ತದೆ. ಆಗ ಇಡೀ ಬೋರ್ಡು ಹಲಗೆಯ ಚರ್ಮದಂತೆ ಆ ದನಿಯನ್ನು ದೊಡ್ಡದು ಮಾಡುತ್ತದೆ.

ಇದಕ್ಕೆ ಒಂದು ಸೊಗಸಾದ ಪುರಾವೆ ಮೌಸಿನಲ್ಲಿದೆ. ಗೇಮಿಂಗ್ ಮೌಸ್ ಸೆಕೆಂಡಿಗೆ 1000 ಸಲ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತದೆ. ಖಾಲಿ ಡೆಸ್ಕ್‌ಟಾಪ್ ಮೇಲೆ ಅದನ್ನು ಗುಂಡಗೆ ಸುತ್ತಿಸಿ, ಅರೆನಿದ್ದೆಯಲ್ಲಿರುವ ಪ್ರೊಸೆಸರ್ ಸೆಕೆಂಡಿಗೆ 1000 ಸಲ ಎದ್ದು ಮಲಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಕೈ ಆಡಿದಷ್ಟು ಹೊತ್ತು ಸಣ್ಣಗೆ ‘ಜೀಂ’ ಎನ್ನುತ್ತದೆ, ಕೈ ನಿಂತರೆ ನಿಲ್ಲುತ್ತದೆ. ಮೌಸಿನ ಸಾಫ್ಟ್‌ವೇರಿನಲ್ಲಿ ಪೋಲಿಂಗ್ ರೇಟನ್ನು 1000ದಿಂದ 125ಕ್ಕೆ ಇಳಿಸಿ ನೋಡಿ. ದನಿ ಬದಲಾದರೆ ಅದು ಪ್ರೊಸೆಸರಿನ ಪವರ್ ಭಾಗದ್ದೇ ಎಂದು ಖಾತ್ರಿಯಾಯಿತು.

ಕಿವಿ ಇಟ್ಟು ಹುಡುಕುವುದು

ಮನೆ ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಕಂಡ್ಯೂಟ್ ಪೈಪಿನ ಒಂದೂವರೆ ಅಡಿ ತುಂಡು ಸಾಕು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಒಂದು ತುದಿ ಕಿವಿಗೆ ಹಿಡಿಯಿರಿ, ಇನ್ನೊಂದನ್ನು ಭಾಗಗಳಿಂದ ಎರಡು ಇಂಚು ದೂರದಲ್ಲಿ ಆಡಿಸಿ. ಫ್ಯಾನಿಗೂ ಬೋರ್ಡಿಗೂ ತಾಗಿಸಬೇಡಿ. ಲೋಹದ ಕೊಳವೆ ಬೇಡವೇ ಬೇಡ. ಎಸ್‌ಎಂಪಿಎಸ್, ಪ್ರೊಸೆಸರಿನ ಎಡಬದಿ, ಗ್ರಾಫಿಕ್ಸ್ ಕಾರ್ಡಿನ ಹಿಂಬದಿ, ಹಾರ್ಡ್‌ಡಿಸ್ಕ್, ಈ ನಾಲ್ಕು ಕಡೆ ಕೇಳಿದರೆ ಬಹುತೇಕ ಕಳ್ಳ ಸಿಕ್ಕಿಬೀಳುತ್ತಾನೆ.

ಫ್ಯಾನ್ ಸಪ್ಪಳವನ್ನು ಕಾಯಿಲ್ ಸಪ್ಪಳದಿಂದ ಬೇರ್ಪಡಿಸುವುದು ಸುಲಭ. ಫ್ಯಾನಿನ ವೇಗ ನಿಧಾನವಾಗಿ ಏರುತ್ತದೆ, ದನಿಯೂ ಒಂದೆರಡು ಸೆಕೆಂಡು ತೆಗೆದುಕೊಂಡು ಏರುತ್ತದೆ. ಕಾಯಿಲ್ ಹಾಗಲ್ಲ. ಪೇಜ್ ಸ್ಕ್ರೋಲ್ ಮಾಡಿದ ಕ್ಷಣ, ಗೇಮಿನಿಂದ ಹೊರಬಂದ ಕ್ಷಣ ದನಿ ಥಟ್ಟನೆ ಬದಲಾಗುತ್ತದೆ. ಅನುಮಾನ ಉಳಿದರೆ ಕಂಪ್ಯೂಟರ್ ಆರಿಸಿ, ಒಂದು ಕೇಸ್ ಫ್ಯಾನಿನ ಕನೆಕ್ಟರ್ ತೆಗೆದು, ಮತ್ತೆ ಹಚ್ಚಿ ನೋಡಿ. ತಿರುಗುವಾಗ ಬೆರಳಿಟ್ಟು ನಿಲ್ಲಿಸಬೇಡಿ.

ಮೊಬೈಲಿನಲ್ಲಿ ಸ್ಪೆಕ್ಟ್ರಾಯ್ಡ್‌ನಂಥ ಉಚಿತ ಆ್ಯಪ್ ಹಾಕಿಕೊಂಡರೆ ಕಿವಿಗೆ ಕಣ್ಣೂ ಸೇರುತ್ತದೆ. 100 ಹರ್ಟ್ಸ್‌ನಲ್ಲಿ ಕಂಬ ನಿಂತರೆ ಅದು 50 ಹರ್ಟ್ಸ್ ಕರೆಂಟಿನ ಗುಂಯ್, ಯಾವುದಾದರೂ ಟ್ರಾನ್ಸ್‌ಫಾರ್ಮರ್ ಇಲ್ಲವೇ ಯುಪಿಎಸ್‌ನದು. 7200 ಸುತ್ತಿನ ಹಾರ್ಡ್‌ಡಿಸ್ಕ್ 120 ಹರ್ಟ್ಸ್‌ನಲ್ಲಿ, 5400 ಸುತ್ತಿನದು 90 ಹರ್ಟ್ಸ್‌ನಲ್ಲಿ ಕಾಣುತ್ತದೆ. ಕಾಯಿಲ್ ಸಿಳ್ಳೆ ಇವಕ್ಕಿಂತ ಬಹಳ ಮೇಲೆ, ಸಾವಿರಾರು ಹರ್ಟ್ಸ್‌ಗಳಲ್ಲಿ, ಒಂದೇ ಕಡೆ ನಿಲ್ಲದೆ ಓಡಾಡುತ್ತದೆ. ಮನೆಯ ಹುಡುಗರು ಸಪ್ಪಳ ಇದೆ ಎಂದು, ಹಿರಿಯರು ಇಲ್ಲ ಎಂದು ವಾದಿಸಿದರೆ ಹುಡುಗರನ್ನು ನಂಬಿ. ವಯಸ್ಸಾದಂತೆ ಮೇಲಿನ ದನಿಗಳು ಕಿವಿಗೆ ಬೀಳುವುದಿಲ್ಲ.

‘ಚಟ್ ಚಟ್’ ಎಂಬ ಒಣ ಸದ್ದು, ಸುಟ್ಟ ವಾಸನೆ, ಸದ್ದಿನ ಜೊತೆ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುವುದು, ಈ ಮೂರರಲ್ಲಿ ಒಂದಿದ್ದರೂ ಅದು ಕಾಯಿಲ್ ಸಿಳ್ಳೆಯಲ್ಲ. ಪ್ಲಗ್ ಕಿತ್ತಿಡಿ. ಎಕ್ಸ್‌ಟೆನ್ಷನ್ ಬೋರ್ಡಿನ ಸಾಕೆಟ್ ಸಡಿಲಾಗಿ ಕಿಡಿ ಹಾರುತ್ತಿರಬಹುದು, ಎಸ್‌ಎಂಪಿಎಸ್ ಕನೆಕ್ಟರ್ ಸುಡುತ್ತಿರಬಹುದು. ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಕಂದಾಗಿದೆಯೇ ನೋಡಿ.

ಗ್ರಾಫಿಕ್ಸ್ ಕಾರ್ಡಿನ ಸಿಳ್ಳೆ

ಕಾಯಿಲ್ ದೂರುಗಳಲ್ಲಿ ದೊಡ್ಡ ಪಾಲು ಇದರದ್ದೇ. ಔಷಧಿಯೂ ಇದಕ್ಕೇ ಚೆನ್ನಾಗಿ ಹತ್ತುತ್ತದೆ. ಮೊದಲು ಫ್ರೇಮ್ ಮಿತಿ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ 3ಡಿ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾಕ್ಸ್ ಫ್ರೇಮ್ ರೇಟ್’ ಇದೆ, ಎಎಂಡಿಯಲ್ಲಿ ‘ರೇಡಿಯಾನ್ ಚಿಲ್’. ಮಾನಿಟರ್ 75 ಹರ್ಟ್ಸ್‌ನದಾದರೆ 72, 144ರದಾದರೆ 140 ಹಾಕಿ. ಮಾನಿಟರ್ ತೋರಿಸಲಾರದ ಫ್ರೇಮುಗಳನ್ನು ಬಿಡಿಸಿ ಯಾರಿಗೂ ಲಾಭವಿಲ್ಲ. ಮೆನುವಿನಲ್ಲಿ ಮಾತ್ರ ಕಿರುಚುತ್ತಿದ್ದ ಕಾರ್ಡ್‌ಗಳು ಸಾಮಾನ್ಯವಾಗಿ ಇಷ್ಟಕ್ಕೇ ಸುಮ್ಮನಾಗುತ್ತವೆ.

ಆಟದ ನಡುವೆಯೂ ಸಿಳ್ಳೆ ಬರುತ್ತಿದ್ದರೆ ಕರೆಂಟನ್ನೇ ಕಡಿಮೆ ಮಾಡಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರಿನಲ್ಲಿ ಪವರ್ ಲಿಮಿಟ್ 100ರಿಂದ 80ಕ್ಕೆ ಇಳಿಸಿ ಆಡಿ ನೋಡಿ. ಐದನೇ ಒಂದು ಭಾಗ ವಿದ್ಯುತ್ ಕಡಿಮೆಯಾದರೂ ಫ್ರೇಮ್‌ಗಳು ಅಷ್ಟು ಇಳಿಯುವುದಿಲ್ಲ. ದನಿ ಇಳಿದರೆ ಮುಂದಿನ ಹೆಜ್ಜೆ ಅಂಡರ್‌ವೋಲ್ಟ್, ಅಂದರೆ ಕಾರ್ಡಿಗೆ ಕಡಿಮೆ ವೋಲ್ಟೇಜ್ ಕೊಟ್ಟು ಓಡಿಸುವುದು. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ಗೆರೆ ತೆರೆಯುತ್ತದೆ. ಆರ್‌ಟಿಎಕ್ಸ್ 3060 ಕಾರ್ಡಿಗೆ 900 ಮಿಲಿವೋಲ್ಟ್ ಬಿಂದುವನ್ನು 1800 ಮೆಗಾಹರ್ಟ್ಸ್‌ಗೆ ಎಳೆದು, ಅದರ ಬಲಗಡೆಯ ಬಿಂದುಗಳೆಲ್ಲ ಅದೇ ಎತ್ತರದಲ್ಲಿ ಚಪ್ಪಟೆಯಾಗುವಂತೆ ಮಾಡಿ ಶುರು ಮಾಡಬಹುದು. ಅರ್ಧ ಗಂಟೆ ಭಾರಿ ಗೇಮ್ ಆಡಿಸಿ. ಹ್ಯಾಂಗ್ ಆದರೆ 25 ಮಿಲಿವೋಲ್ಟ್ ಏರಿಸಿ, ಆಗದಿದ್ದರೆ 25 ಇಳಿಸಿ. ಒಂದೇ ಮಾಡೆಲ್ಲಿನ ಎರಡು ಕಾರ್ಡ್‌ಗೂ ಒಂದೇ ಅಂಕಿ ಹೊಂದುವುದಿಲ್ಲ, ಬೇರೆಯವರ ಅಂಕಿಯನ್ನು ಕಣ್ಣುಮುಚ್ಚಿ ಹಾಕಬೇಡಿ. ಹೊರಗೆ 42 ಡಿಗ್ರಿ ಇರುವ ನಮ್ಮ ಮೇ ತಿಂಗಳಲ್ಲಿ, ಸಿಳ್ಳೆ ಇಲ್ಲದಿದ್ದರೂ ಅಂಡರ್‌ವೋಲ್ಟ್ ಮಾಡುವುದು ಒಳ್ಳೆಯದು ಎಂದೇ ನನ್ನ ಸಲಹೆ.

ಕಾರ್ಡಿಗೆ ಎರಡು 8 ಪಿನ್ ಸಾಕೆಟ್ ಇದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ. ಒಂದೇ ಕೇಬಲ್ಲಿನ ಕವಲನ್ನು ಎರಡಕ್ಕೂ ಸಿಕ್ಕಿಸಿದರೆ ಅಷ್ಟೂ ಭಾರ ಒಂದೇ ತಂತಿಯ ಮೇಲೆ ಬಿದ್ದು ವೋಲ್ಟೇಜ್ ಕುಸಿತ ಹೆಚ್ಚುತ್ತದೆ.

ಚೋಕ್‌ಗಳಿಗೆ ಗಮ್ ಹಾಕುವ ಉಪಾಯ ಬಹಳ ಜನರ ಬಾಯಲ್ಲಿದೆ. ನನಗೆ ಅದು ಕೊನೆಯ ದಾರಿ. ಹಾಟ್ ಗ್ಲೂ ಚೋಕಿನ ಬಿಸಿಗೆ ಮೆತ್ತಗಾಗುತ್ತದೆ. ಇಂದಿನ ಚೋಕ್‌ಗಳಲ್ಲಿ ಸುರುಳಿ ಪುಡಿಯೊಳಗೆ ಅಚ್ಚು ಹಾಕಿದಂತೆ ಕೂತಿರುವುದರಿಂದ, ಮೇಲೆ ಹಚ್ಚಿದ ಅಂಟು ಒಳಗೆ ಮುಟ್ಟುವುದೂ ಇಲ್ಲ. ವಾರಂಟಿ ಮುಗಿದ ಹಳೇ ಕಾರ್ಡಾದರೆ, ವಿದ್ಯುತ್ ಹರಿಯಗೊಡದ ಎಲೆಕ್ಟ್ರಾನಿಕ್ಸ್ ಸಿಲಿಕೋನನ್ನು ಚೋಕಿನ ಬುಡಕ್ಕೆ ಮಾತ್ರ ಹಚ್ಚಿ 24 ಗಂಟೆ ಒಣಗಿಸಿ. ಮಾಸ್‌ಫೆಟ್ ಮೇಲಿನ ಥರ್ಮಲ್ ಪ್ಯಾಡಿಗೆ ತಗುಲಿದರೆ ಕಾರ್ಡೇ ಹೋಗಬಹುದು.

ವಾರಂಟಿಯಲ್ಲಿ ಬದಲಿಸಿಕೊಡುತ್ತಾರೆಂಬ ಭರವಸೆ ಇಟ್ಟುಕೊಳ್ಳಬೇಡಿ. ಕಾಯಿಲ್ ಸಿಳ್ಳೆ ಇದ್ದರೂ ಕಾರ್ಡ್ ಸರಿಯಾಗಿ ಕೆಲಸ ಮಾಡುತ್ತದಾದ್ದರಿಂದ ಅದನ್ನು ದೋಷವೆಂದು ಒಪ್ಪದ ತಯಾರಕರೇ ಹೆಚ್ಚು. ಆನ್‌ಲೈನ್‌ನಲ್ಲಿ ತರಿಸಿದ್ದರೆ ವಾಪಸಾತಿ ಅವಧಿಯೊಳಗೇ ಪರೀಕ್ಷೆ ಮುಗಿಸಿ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ತರುವವರು ಅಂಗಡಿಯಲ್ಲೇ ಹಚ್ಚಿ ಕೇಳುತ್ತೇವೆ ಎಂದುಕೊಳ್ಳುತ್ತಾರೆ. ಆ ಗದ್ದಲದಲ್ಲಿ ಏನೂ ಕೇಳುವುದಿಲ್ಲ. ಬದಲಿಸಿಕೊಡುವ ದಿನಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಪ್ರೊಸೆಸರ್ ಮತ್ತು ಎಸ್‌ಎಂಪಿಎಸ್

ಸುಮ್ಮನೆ ಇದ್ದಾಗ ಸಿಳ್ಳೆ, ಕೆಲಸ ಕೊಟ್ಟಾಗ ಮೌನ ಎಂದಾದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಹಚ್ಚಿದ ಕೂಡಲೇ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್) ಸಿ-ಸ್ಟೇಟ್, ಅಂದರೆ ಪ್ರೊಸೆಸರಿನ ನಿದ್ದೆಯ ಸೆಟ್ಟಿಂಗ್, ನೋಡಿ. ಪರೀಕ್ಷೆಗಾಗಿ ಅದನ್ನು ಡಿಸೇಬಲ್ ಮಾಡಿ. ಎಎಂಡಿ ಬೋರ್ಡ್‌ಗಳಲ್ಲಿ ‘ಗ್ಲೋಬಲ್ ಸಿ-ಸ್ಟೇಟ್ ಕಂಟ್ರೋಲ್’ ಎಂದಿರುತ್ತದೆ. ಸಿಳ್ಳೆ ನಿಂತರೆ ಮೂಲ ಸಿಕ್ಕಿತು, ಆದರೆ ಸೆಟ್ಟಿಂಗನ್ನು ಹಾಗೇ ಬಿಡುವ ಮೊದಲು ಖಾಲಿ ಇರುವಾಗಿನ ಬಿಸಿಯನ್ನು ಅಳೆಯಿರಿ. ನಿದ್ದೆ ಹೋಗದ ಪ್ರೊಸೆಸರ್ ದಿನವಿಡೀ ಹೆಚ್ಚು ವಿದ್ಯುತ್ ತಿನ್ನುತ್ತದೆ. ಪೂರ್ತಿ ತೆಗೆಯುವ ಬದಲು ಆಳದ ನಿದ್ದೆಯ ಹಂತಗಳನ್ನು ಮಾತ್ರ ನಿಲ್ಲಿಸುವ ಆಯ್ಕೆ ಇದ್ದರೆ ಅದನ್ನೇ ಬಳಸಿ.

ಶಟ್‌ಡೌನ್ ಆದ ಮೇಲೂ ಕ್ಯಾಬಿನೆಟ್ ಜೀರುಂಡೆಯಂತೆ ‘ಚಿರ್ ಚಿರ್’ ಎಂದರೆ ಅದು ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ಭಾಗ. ಲೋಡ್ ತೀರ ಕಡಿಮೆಯಾದಾಗ ಅದು ಸತತವಾಗಿ ಓಡದೆ ಬಿಟ್ಟು ಬಿಟ್ಟು ಓಡುತ್ತದೆ. ಶಟ್‌ಡೌನ್ ಆದಾಗ ವಿದ್ಯುತ್ ಉಳಿಸುವ ಬಯೋಸ್‌ನ ‘ಇಆರ್‌ಪಿ’ ಆಯ್ಕೆಯನ್ನು ಬದಲಿಸಿ ನೋಡಿ. ಕೆಲವು ಕಡೆ ಆನ್ ಮಾಡಿದರೆ ಸಪ್ಪಳ ಹೋಗುತ್ತದೆ, ಕೆಲವು ಕಡೆ ಆಫ್ ಮಾಡಿದರೆ. ರಾತ್ರಿ ಗೋಡೆಯ ಸ್ವಿಚ್ ಆರಿಸುವುದು ಎಲ್ಲಕ್ಕಿಂತ ಸರಳ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್, ಎಪಿಎಫ್‌ಸಿ (ಕರೆಂಟನ್ನು ಲೈನಿನ ಅಲೆಗೆ ಹೊಂದಿಸಿ ಎಳೆಯುವ ಭಾಗ) ಇದ್ದರೆ 380ರಿಂದ 400 ವೋಲ್ಟ್ ಡಿಸಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಗೆಳೆಯರ ಮನೆಯ ಒಳ್ಳೆಯ ಎಸ್‌ಎಂಪಿಎಸ್ಸನ್ನು ಒಂದು ದಿನಕ್ಕೆ ತಂದು ಹಚ್ಚಿ ನೋಡುವುದಕ್ಕಿಂತ ಉತ್ತಮ ಪರೀಕ್ಷೆ ಇಲ್ಲ. ಕೆಲವೊಮ್ಮೆ ಗ್ರಾಫಿಕ್ಸ್ ಕಾರ್ಡಿನ ಸಿಳ್ಳೆಯೂ ಇದರಿಂದ ಬದಲಾಗುತ್ತದೆ. ಎಸ್‌ಎಂಪಿಎಸ್‌ಗಳಿಗೆ ಇರುವ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟ್ ತಂತಿಯಲ್ಲಿ ಏರಿಳಿತ 120 ಮಿಲಿವೋಲ್ಟ್ ದಾಟಬಾರದು, ಕಳಪೆ ಎಸ್‌ಎಂಪಿಎಸ್ ಭಾರ ಬಿದ್ದಾಗ ಅದನ್ನು ದಾಟುತ್ತದೆ. ಹಾಗೆಂದು ಹೊಸ ಎಸ್‌ಎಂಪಿಎಸ್ ತಂದರೆ ಕಾರ್ಡ್ ಸುಮ್ಮನಾಗುತ್ತದೆ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ.

ಇಡುವ ಜಾಗದಿಂದಲೂ ವ್ಯತ್ಯಾಸವಾಗುತ್ತದೆ. ಶಹಾಬಾದ್ ಫರ್ಸಿಯ ಕಟ್ಟೆ ಮೇಲೆ, ಗೋಡೆಗೆ ಒತ್ತಿ ಇಟ್ಟ ಕ್ಯಾಬಿನೆಟ್ಟಿನ ಸಿಳ್ಳೆಯನ್ನು ಆ ಕಲ್ಲು ಕನ್ನಡಿಯಂತೆ ಕೋಣೆಗೆ ತಿರುಗಿಸುತ್ತದೆ. ಕ್ಯಾಬಿನೆಟ್ಟನ್ನು ಮೇಜಿನ ಕೆಳಗಿಳಿಸಿ, ಅಡಿಗೆ ರಬ್ಬರ್ ಕೊಟ್ಟು, ಹಿಂದಿನ ಗೋಡೆಗೆ ಒಂದು ಹಳೇ ಕೌದಿ ತೂಗುಹಾಕಿ. ಗಾಳಿಯ ದಾರಿ ಮುಚ್ಚಬಾರದು. ಮನೆಯ ಕೂಲರ್ ಗಾಳಿಯನ್ನು ನೇರವಾಗಿ ಕ್ಯಾಬಿನೆಟ್ಟಿಗೆ ಬಿಡಬೇಡಿ, ಆ ತೇವ ಧೂಳಿನೊಂದಿಗೆ ಸೇರಿ ಬೋರ್ಡಿನ ಮೇಲೆ ಕೆಸರಾಗುತ್ತದೆ.

ಕರೆಂಟ್ ಹೋದಾಗ ಮಾತ್ರ ಬರುವ ಸಪ್ಪಳ

ಲೈನ್ ಇರುವಾಗ ಮೌನ, ಇನ್ವರ್ಟರ್ ಹತ್ತಿದ ಕೂಡಲೇ ಎಸ್‌ಎಂಪಿಎಸ್ ‘ಗರ್ರ್’. ಕಂಪ್ಯೂಟರಿನಲ್ಲಿ ತಪ್ಪಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್‌ಗಳು, ಅಗ್ಗದ 600 ವಿಎ ಯುಪಿಎಸ್‌ಗಳು ಬ್ಯಾಟರಿ ಮೇಲೆ ಓಡುವಾಗ ನಯವಾದ ಅಲೆಯ ಬದಲು ಮೆಟ್ಟಿಲಿನಂಥ ಅಲೆ ಕೊಡುತ್ತವೆ. ಆ ಚೂಪು ಅಂಚುಗಳಲ್ಲಿ 150, 250 ಹರ್ಟ್ಸ್‌ನ ಪಾಲು ಧಾರಾಳವಾಗಿರುತ್ತದೆ. ಎಪಿಎಫ್‌ಸಿ ಇರುವ ಎಸ್‌ಎಂಪಿಎಸ್ ಆ ಅಲೆಯ ಹಿಂದೆ ಓಡಲು ಹೋಗಿ ಗರ್ರೆನ್ನುತ್ತದೆ, ಕೆಲವು ಆಫ್ ಆಗಿಬಿಡುತ್ತವೆ. ಸ್ಕ್ವೇರ್ ವೇವ್ ಇನ್ವರ್ಟರನ್ನು ಗುರುತಿಸಲು ಮೀಟರ್ ಬೇಕಿಲ್ಲ: ಕರೆಂಟ್ ಹೋದಾಗ ತಲೆ ಮೇಲಿನ ಫ್ಯಾನ್ ಗುಂಯ್‌ಗುಡಲು ಶುರು ಮಾಡಿದರೆ ಅದು ಸ್ಕ್ವೇರ್ ವೇವ್. ಪರಿಹಾರ ಸೈನ್ ವೇವ್ ಇನ್ವರ್ಟರ್ ಅಥವಾ ಸೈನ್ ವೇವ್ ಯುಪಿಎಸ್, ಬೇರೆ ಅಡ್ಡದಾರಿ ಇಲ್ಲ.

ಇನ್ವರ್ಟರ್ ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿದ್ದರೆ ಒಳಬರುವ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದೊಡನೆ ಅದು ಬ್ಯಾಟರಿಗೆ ಹಾರುತ್ತದೆ. ವೋಲ್ಟೇಜ್ ಓಲಾಡುವ ಹಳ್ಳಿಗಳಲ್ಲಿ ‘ಟಕ್ ಟಕ್’ ಎಂದು ನಿಮಿಷಕ್ಕೆ ನಾಲ್ಕು ಸಲ ಕೇಳುವುದು ಆ ರಿಲೇ.

ಸ್ಪೀಕರಿನ ಗುಂಯ್

ಗಾಳಿಯ ಸಪ್ಪಳದ ಮಾತು ಇಲ್ಲಿಗೆ ಸಾಕು. ಸ್ಪೀಕರ್ ಆನ್ ಇರಲಿ, 3.5 ಎಂಎಂ ಪಿನ್ನನ್ನು ಕಂಪ್ಯೂಟರಿನಿಂದ ಕಿತ್ತು ಗಾಳಿಯಲ್ಲಿ ಬಿಡಿ. ಗುಂಯ್ ಉಳಿದರೆ ಸ್ಪೀಕರಿನದೇ ಅಡಾಪ್ಟರ್ ಅಥವಾ ಟ್ರಾನ್ಸ್‌ಫಾರ್ಮರ್ ಕೆಟ್ಟಿದೆ. ಹೋದರೆ ಕಂಪ್ಯೂಟರ್ ಕಡೆಯಿಂದ ಬರುತ್ತಿದೆ. ಲೋಹದ ತುದಿಗೆ ಬೆರಳು ತಾಗಿದಾಗ ಗುಂಯ್ ಬರುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೌಸ್ ಆಡಿಸಿದಂತೆ ಬದಲಾಗುವ ‘ಜಿರ್ರ್’ ಕ್ಯಾಬಿನೆಟ್ ಒಳಗಿನದು. ಮುಂದಿನ ಜ್ಯಾಕಿನಿಂದ ಹಿಂದಿನ ಜ್ಯಾಕಿಗೆ ಬದಲಿಸಿ. ಮುಂದಿನ ಜ್ಯಾಕಿನ ತಂತಿ ಬೋರ್ಡಿನ ಕೆಳಮೂಲೆಯಿಂದ ಹೊರಟು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿನ ಅಡಿಯಲ್ಲೇ ಹಾಯುತ್ತದೆ. ಅದನ್ನು ಬೋರ್ಡಿನ ಹಿಂದಿನ ಜಾಗದಿಂದ, ಪವರ್ ಕೇಬಲ್‌ಗಳಿಂದ ದೂರ ಎಳೆದರೆ ಬಹಳಷ್ಟು ಕಡಿಮೆಯಾಗುತ್ತದೆ. ವಿಂಡೋಸ್ ವಾಲ್ಯೂಮ್ 90ಕ್ಕೆ ಏರಿಸಿ ಸ್ಪೀಕರಿನ ಗುಂಡಿ ತಗ್ಗಿಸಿ, ಬಳಸದ ಮೈಕ್ ಮತ್ತು ಲೈನ್-ಇನ್ ಮ್ಯೂಟ್ ಮಾಡಿ.

ಒಂದೇ ಸಮನೆ ಬರುವ ದಪ್ಪ ಗುಂಯ್ ಬೇರೆ. ಕಂಪ್ಯೂಟರ್ ಒಂದು ಸಾಕೆಟ್ಟಿನ ಅರ್ಥ್, ಸ್ಪೀಕರ್ ಇನ್ನೊಂದು ಸಾಕೆಟ್ಟಿನ ಅರ್ಥ್ ಹಿಡಿದಿದ್ದರೆ ಆಡಿಯೊ ತಂತಿಯ ಹೊರ ಎಳೆ ಅವೆರಡನ್ನೂ ಸೇರಿಸುವ ಸೇತುವೆಯಾಗುತ್ತದೆ. ಆ ಬಳೆಯಲ್ಲಿ 50 ಹರ್ಟ್ಸ್ ಕರೆಂಟ್ ಸುತ್ತುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಚ್ಚಿ. ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿದ್ದರೆ ಸೆಟ್‌ಟಾಪ್ ಬಾಕ್ಸಿನ ಕೇಬಲ್ ತಿರುಪನ್ನು ಬಿಚ್ಚಿ ಕೇಳಿ, ಆ ಕೇಬಲ್ ಬೀದಿಯಿಂದ ತನ್ನದೇ ಅರ್ಥ್ ತಂದಿರುತ್ತದೆ. ಇಷ್ಟಕ್ಕೂ ಹೋಗದಿದ್ದರೆ ಆಡಿಯೊ ತಂತಿಯ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಅಷ್ಟೇ, ಕೆಲವು ನೂರು ರೂಪಾಯಿ. ಅಗ್ಗದವು ಬೇಸ್ ತುಸು ತಿನ್ನುತ್ತವೆ. ಬೋರ್ಡಿನಲ್ಲಿ ಆಪ್ಟಿಕಲ್ ಔಟ್‌ಪುಟ್ ಇದ್ದು ಸ್ಪೀಕರ್ ಅದನ್ನು ಒಪ್ಪಿದರೆ ಅದೇ ಶ್ರೇಷ್ಠ, ಬೆಳಕಿನಲ್ಲಿ ಅರ್ಥ್ ಹರಿಯುವುದಿಲ್ಲ.

ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಕತ್ತರಿಸಿದರೂ ಗುಂಯ್ ಹೋಗುತ್ತದೆ. ಟೂ-ಪಿನ್ ಕನ್ವರ್ಟರ್ ಹಾಕಿದರೂ ಹೋಗುತ್ತದೆ. ದಯವಿಟ್ಟು ಇದನ್ನು ಮಾಡಬೇಡಿ, ಯಾರಾದರೂ ಮಾಡಿಕೊಟ್ಟಿದ್ದರೆ ಇವತ್ತೇ ಬದಲಿಸಿ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಮತ್ತು ನ್ಯೂಟ್ರಲ್‌ನಿಂದ ಒಂದೊಂದು ಕೆಪಾಸಿಟರ್ ಡಬ್ಬಿಗೆ ಬಂದು ಸೇರುತ್ತವೆ. ಅರ್ಥ್ ಇದ್ದರೆ ಅವುಗಳ ಸೋರಿಕೆ ಅಲ್ಲಿಗೆ ಹರಿದುಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಬರಿಗಾಲಲ್ಲಿ ಫರ್ಸಿ ಮೇಲೆ ನಿಂತು ಹಿಂಬದಿಯ ಸ್ಕ್ರೂ ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಇದರಿಂದಲೇ. ಆ ಕರೆಂಟ್ ತೀರ ಚಿಕ್ಕದು. ಆದರೆ ನಾಳೆ ಎಸ್‌ಎಂಪಿಎಸ್ ಒಳಗೆ ಫೇಸ್ ತಂತಿಯೇ ಡಬ್ಬಿಗೆ ತಾಗಿದರೆ ಎಂಸಿಬಿ ಬೀಳುವುದಿಲ್ಲ, ಮುಟ್ಟಿದವರು ಬೀಳುತ್ತಾರೆ.

ಅರ್ಥಿಂಗ್ ಅಳೆಯುವುದು

ನಿಯಾನ್ ಟೆಸ್ಟರ್ ಫೇಸ್ ಎಲ್ಲಿದೆ ಎಂದಷ್ಟೇ ಹೇಳುತ್ತದೆ, ಅರ್ಥ್ ಇದೆಯೋ ಇಲ್ಲವೋ ಹೇಳಲಾರದು. ಡಿಜಿಟಲ್ ಮಲ್ಟಿಮೀಟರನ್ನು ಎಸಿ 600 ಅಥವಾ 750 ವೋಲ್ಟ್ ರೇಂಜಿಗೆ ತಿರುಗಿಸಿ. ಮೀಟರ್ ಹಿಡಿದು ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ಕೊಡಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಫೇಸ್-ಅರ್ಥ್ ನಡುವೆ 80, 120, 95 ಎಂದು ಅಂಕಿ ಕುಣಿದರೆ ಅರ್ಥ್ ತಂತಿ ಎಲ್ಲೂ ಸೇರಿಲ್ಲ, ಸುಮ್ಮನೆ ಗೋಡೆಯೊಳಗೆ ತೂಗಾಡುತ್ತಿದೆ. ನ್ಯೂಟ್ರಲ್-ಅರ್ಥ್ 5 ವೋಲ್ಟ್ ದಾಟಿದರೆ ನ್ಯೂಟ್ರಲ್ ಜೋಡಣೆ ಸಡಿಲಾಗಿದೆ ಅಥವಾ ಅದರ ಮೇಲೆ ಭಾರ ಹೆಚ್ಚಿದೆ.

ಎಲ್ಲಕ್ಕಿಂತ ಮೋಸದ್ದು ನಿಖರ ಸೊನ್ನೆ. ಅದೇ ಸಾಕೆಟ್ಟಿನ ಲೈನಿಗೆ ಇಸ್ತ್ರಿ ಪೆಟ್ಟಿಗೆ ಹಚ್ಚಿ ಮತ್ತೆ ಅಳೆಯಿರಿ. ಭಾರ ಬಿದ್ದಾಗ ನ್ಯೂಟ್ರಲ್-ಅರ್ಥ್ ಅಂಕಿ ಸ್ವಲ್ಪವಾದರೂ ಏರಬೇಕು. ಆಗಲೂ 0.0 ಎಂದೇ ನಿಂತರೆ ಸಾಕೆಟ್ಟಿನ ಹಿಂದೆ ಯಾರೋ ನ್ಯೂಟ್ರಲ್ಲಿಗೂ ಅರ್ಥಿಗೂ ತುಂಡು ವೈರ್ ಸೇರಿಸಿ ‘ಅರ್ಥಿಂಗ್ ಮಾಡಿದ್ದಾರೆ’. ಎಂದಾದರೂ ನ್ಯೂಟ್ರಲ್ ತುಂಡಾದರೆ ಕಂಪ್ಯೂಟರಿನ ಡಬ್ಬಿಗೆ ಪೂರ್ತಿ 230 ವೋಲ್ಟ್ ಬಂದು ನಿಲ್ಲುತ್ತದೆ. ಆ ಸಾಕೆಟ್ಟನ್ನು ಬಿಚ್ಚಿಸಿ ಸರಿಪಡಿಸುವವರೆಗೆ ಬಳಸಬೇಡಿ.

ಕಲಬುರಗಿ, ಯಾದಗಿರಿಯ ಕರಿ ಎರೆಮಣ್ಣು ಮಳೆಗಾಲದಲ್ಲಿ ಅರ್ಥಿಂಗಿಗೆ ಬಹಳ ಒಳ್ಳೆಯದು. ಏಪ್ರಿಲ್‌ಗೆ ಅದೇ ಮಣ್ಣು ಒಣಗಿ ಬಿರುಕು ಬಿಟ್ಟು, ನೆಲದಲ್ಲಿ ಹೂತ ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ. ಜನವರಿಯಲ್ಲಿ ಇಲ್ಲದ ಗುಂಯ್ ಏಪ್ರಿಲ್‌ನಲ್ಲಿ ಬಂದರೆ ಮೊದಲು ಇದನ್ನೇ ಶಂಕಿಸಿ. ಬೀದರದ ಜಂಬಿಟ್ಟಿಗೆ ನೆಲ ನೀರನ್ನು ಹಿಡಿದಿಡುವುದಿಲ್ಲ, ಅಲ್ಲಿ ಗುಂಡಿ ಇನ್ನೂ ಆಳ ಬೇಕು. ಭಾರತೀಯ ಮಾನಕ ಐಎಸ್ 3043ರ ಪ್ರಕಾರ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಕನಿಷ್ಠ 38 ಎಂಎಂ ಒಳವ್ಯಾಸ, 2.5 ಮೀಟರ್ ಉದ್ದ ಇರಬೇಕು. ಮೂರಡಿ ಸರಳು ಬಡಿದು ಹೋದರೆ ಅದು ಅರ್ಥಿಂಗ್ ಅಲ್ಲ. ಗುಂಡಿಯಲ್ಲಿ ಇದ್ದಿಲು, ಉಪ್ಪು ತುಂಬಿರಲಿ, ಪೈಪಿನ ತಲೆಯ ಬೋಲ್ಟ್ ತುಕ್ಕು ಹಿಡಿದಿದ್ದರೆ ಉಜ್ಜಿ ಬಿಗಿ ಮಾಡಿಸಿ. ಮಾರ್ಚ್‌ನಿಂದ ಮಳೆ ಬೀಳುವವರೆಗೆ ವಾರಕ್ಕೆರಡು ಸಲ ಎರಡು ಕೊಡ ನೀರು ಹಾಕಿ. ಮೊದಲ ಸಲ ನೀರು ಹಾಕಿದ ಮರುದಿನ ಅದೇ ಸಾಕೆಟ್ಟಿನಲ್ಲಿ, ಅದೇ ಇಸ್ತ್ರಿ ಪೆಟ್ಟಿಗೆ ಹಚ್ಚಿ ಫೇಸ್-ಅರ್ಥ್ ಮತ್ತು ನ್ಯೂಟ್ರಲ್-ಅರ್ಥ್ ಎರಡನ್ನೂ ಮತ್ತೆ ಅಳೆದು ಸ್ವಿಚ್ ಬೋರ್ಡಿನ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದಿಡಿ.